ಸೂರೆಯಾಗಿ ಬಂದವನು ಸೂರೆ ಒಲ್ಲೆನೆಂದದ್ದು

ಕೋಣೆಯ ತುಂಬ ಚಿನ್ನ, ಬೆಳ್ಳಿ, ಬೆಲೆಬಾಳುವ ಉಡುಪುಗಳು. ಒಬ್ಬ ರಾಜಕುಮಾರಿಯಿಂದ ಕಿತ್ತುಕೊಂಡು ತಂದ ಸಂಪತ್ತು ಅದು. ಅದರ ಮುಂದೆ ನಿಂತವನು ಅವಳ ತಮ್ಮ, ಬೈಜಾಂಟೈನ್ ಚಕ್ರವರ್ತಿ ಎರಡನೆಯ ಜಾನ್ ಕೊಮ್ನೆನಸ್. ಪಕ್ಕದಲ್ಲಿ ಅವನ ಮಹಾದಂಡನಾಯಕ. ಅವನ ಹೆಸರೂ ಜಾನ್, ಜಾನ್ ಆಕ್ಸೂಕ್. ಒಡಹುಟ್ಟಿದ ಅಕ್ಕನೇ ತನ್ನ ಪ್ರಾಣಕ್ಕೆ ಹೊಂಚು ಹಾಕಿದಳೆಂಬ ನೋವು ಚಕ್ರವರ್ತಿಯ ಎದೆಯಲ್ಲಿ ಇನ್ನೂ ಹಸಿಯಾಗಿತ್ತು. ಲೋಕದ ಕ್ರಮವೇ ನನ್ನ ಪಾಲಿಗೆ ತಲೆಕೆಳಗಾಯಿತು, ನೆಂಟರು ವೈರಿಗಳಾದರು, ಹೊರಗಿನವರು ಆಪ್ತರಾದರು, ಈ ಸಂಪತ್ತೆಲ್ಲ ಇನ್ನು ನಿನ್ನದು, ತೆಗೆದುಕೊಂಡು ಹೋಗು ಎಂದು ದಂಡನಾಯಕನಿಗೆ ಹೇಳಿದ. ಆಕ್ಸೂಕ್ ಒಲ್ಲೆನೆಂದ.

ಇದು ನಡೆದದ್ದು ಕಾನ್‌ಸ್ಟಾಂಟಿನೋಪಲಿನಲ್ಲಿ, 1119ರ ಸುಮಾರಿಗೆ. ಒಂಬತ್ತು ನೂರು ವರ್ಷಗಳಾದವು. ಆ ಸಾಮ್ರಾಜ್ಯ ಇಲ್ಲ, ಆ ಅರಮನೆಯಲ್ಲಿ ಉಳಿದಿರುವುದು ಅಡಿಪಾಯದ ಕಲ್ಲುಗಳು ಮತ್ತು ಕೆಲವು ಗೋಡೆಗಳು. ಬೈಜಾಂಟಿಯಮ್ಮಿನ ಚರಿತ್ರೆ ಓದುವವರನ್ನು ಬೆರಗುಗೊಳಿಸಲು ಬೇಕಾದಷ್ಟು ಸಂಗತಿಗಳಿವೆ: ಹಾಗಿಯಾ ಸೋಫಿಯಾದ ತೇಲುವ ಗುಮ್ಮಟ, ನೀರಿನ ಮೇಲೂ ಉರಿಯುತ್ತಿದ್ದ ಗ್ರೀಕ್ ಬೆಂಕಿ, ಸಾವಿರ ವರ್ಷ ತಡೆದು ನಿಂತ ಕೋಟೆ. ನನ್ನನ್ನು ಮಾತ್ರ ಆ ಕೋಣೆ ಹಿಡಿದು ನಿಲ್ಲಿಸುತ್ತದೆ. ಗುಮ್ಮಟ ಹೇಗೆ ನಿಂತಿತು ಎಂಬುದಕ್ಕೆ ಗಣಿತದಲ್ಲಿ ಉತ್ತರ ಸಿಕ್ಕೀತು. ಬೇಡ ಎಂಬ ಆ ಮಾತು ಆ ಮನುಷ್ಯನೊಳಗೆ ಎಲ್ಲಿಂದ ಹುಟ್ಟಿತು ಎಂಬುದಕ್ಕೆ ಅಷ್ಟು ಸುಲಭದ ಉತ್ತರವಿಲ್ಲ. ಏಕೆಂದರೆ ಬೇಡ ಎಂದವನು ಸ್ವತಃ ಒಮ್ಮೆ ಸೂರೆಯ ಮಾಲಾಗಿ ಆ ಅರಮನೆಯೊಳಗೆ ಬಂದಿದ್ದ.

ಅದು 1097ರ ಬೇಸಿಗೆ. ಮೊದಲನೆಯ ಕ್ರುಸೇಡಿನ ಸೈನ್ಯಗಳು ಪಶ್ಚಿಮ ಯುರೋಪಿನಿಂದ ಹರಿದುಬಂದು, ಕಾನ್‌ಸ್ಟಾಂಟಿನೋಪಲನ್ನು ದಾಟಿ, ಏಷ್ಯಾ ಮೈನರಿನ ನೈಸಿಯಾ ನಗರವನ್ನು ಮುತ್ತಿದ್ದವು. ನೈಸಿಯಾ ಆಗ ಸೆಲ್ಜುಕ್ ತುರ್ಕರ ರಾಜಧಾನಿ. ಸುಲ್ತಾನ ಕಿಲಿಜ್ ಅರ್ಸ್ಲಾನ್ ದೂರದ ಮೆಲಿಟಿನೆಯ ಕಡೆ ಹೋಗಿದ್ದವನು ಸುದ್ದಿ ಕೇಳಿ ಧಾವಿಸಿ ಬಂದ, ಕಾದಿದ, ಸೋತು ಹಿಂದೆ ಸರಿದ. ಆದರೂ ನಗರ ಬಗ್ಗಲಿಲ್ಲ. ಅದರ ಪಶ್ಚಿಮಕ್ಕೆ ಅಸ್ಕಾನಿಯಾ ಸರೋವರ. ಆ ದಾರಿಯಲ್ಲಿ ಒಳಗಿನವರಿಗೆ ಬೇಕಾದ್ದೆಲ್ಲ ಬರುತ್ತಿತ್ತು. ಚಕ್ರವರ್ತಿ ಅಲೆಕ್ಸಿಯಸ್ ಕೊಮ್ನೆನಸ್ ಸಣ್ಣ ದೋಣಿಗಳನ್ನು ಬಂಡಿಗಳ ಮೇಲೆ ಹೇರಿಸಿ ನೆಲದ ಮೇಲೆ ಎಳೆಸಿ ತಂದು ಆ ಸರೋವರದಲ್ಲಿ ಇಳಿಸಿದ. ದೋಣಿಗಳು ಕಡಿಮೆ, ಆಳುಗಳೂ ಕಡಿಮೆ. ಆದ್ದರಿಂದ ಬಾವುಟಗಳನ್ನೂ ನಗಾರಿಗಳನ್ನೂ ಕಹಳೆಗಳನ್ನೂ ಲೆಕ್ಕಕ್ಕಿಂತ ಹೆಚ್ಚು ಕೊಟ್ಟ. ನೋಡಿದವರಿಗೆ ದೊಡ್ಡದೊಂದು ನೌಕಾಪಡೆಯೇ ಬಂದಂತೆ ಕಾಣಬೇಕು. ಜತೆಗೆ ಅವನ ದಂಡನಾಯಕ ಮ್ಯಾನ್ಯುಯೆಲ್ ಬುಟುಮಿಟೆಸ್ ಒಳಗಿನ ತುರ್ಕರೊಂದಿಗೆ ಗುಟ್ಟಾಗಿ ಮಾತುಕತೆ ನಡೆಸಿದ್ದ. ಜೂನ್ 19ರ ಬೆಳಿಗ್ಗೆ ಮತ್ತೊಂದು ಲಗ್ಗೆಗೆ ಸಿದ್ಧರಾಗುತ್ತಿದ್ದ ಕ್ರುಸೇಡಿನ ಯೋಧರು ತಲೆಯೆತ್ತಿ ನೋಡಿದರೆ ಕೋಟೆಯ ಮೇಲೆ ಚಕ್ರವರ್ತಿಯ ಬಾವುಟ ಹಾರುತ್ತಿತ್ತು.

ಸುಲ್ತಾನನ ಹೆಂಡತಿ ಮಕ್ಕಳನ್ನು ಅಲೆಕ್ಸಿಯಸ್ ಗೌರವದಿಂದ ಕಂಡು ಆಮೇಲೆ ಹಿಂದಕ್ಕೆ ಕಳಿಸಿದ. ರಾಜರ ಮಕ್ಕಳಿಗೆ ಹಿಂತಿರುಗುವ ದಾರಿಯಿರುತ್ತದೆ. ಅದೇ ನಗರ ಕೈವಶವಾದಾಗ ಸೆರೆಸಿಕ್ಕ ಒಬ್ಬ ತುರ್ಕ ಹುಡುಗನಿಗೆ ಅಂಥ ದಾರಿ ಇರಲಿಲ್ಲ. ಅವನನ್ನು ಚಕ್ರವರ್ತಿಗೆ ಕಾಣಿಕೆಯಾಗಿ ಒಪ್ಪಿಸಿದರು. ಕುದುರೆ, ರತ್ನಗಂಬಳಿ, ಬೆಳ್ಳಿಯ ಪಾತ್ರೆ, ಒಬ್ಬ ಹುಡುಗ.

ಅವನ ತಾಯಿ ಆ ದಿನ ಎಲ್ಲಿದ್ದಳು? ತಂದೆ ಕೋಟೆಯ ಗೋಡೆಯ ಮೇಲೆ ಬಿಲ್ಲು ಹಿಡಿದು ನಿಂತಿದ್ದವರಲ್ಲಿ ಒಬ್ಬನೆ? ಸಂತೆಯಲ್ಲಿ ಅಂಗಡಿ ಇಟ್ಟವನೆ? ಹುಡುಗ ತನ್ನ ನುಡಿಯನ್ನು ಎಷ್ಟು ವರ್ಷ ಮರೆಯದೆ ಇಟ್ಟುಕೊಂಡ? ಅವನ ಕಥೆ ಬರೆದಿಟ್ಟ ಇತಿಹಾಸಕಾರ ನಿಕೆಟಾಸ್ ಕೋನಿಯಾಟಿಸ್ ಇವುಗಳಲ್ಲಿ ಒಂದನ್ನೂ ಕೇಳಿಕೊಳ್ಳುವುದಿಲ್ಲ. ಪರ್ಷಿಯನ್ ಕುಲದವನು ಎಂದಷ್ಟೇ ಬರೆದು ಮುಂದೆ ಹೋಗುತ್ತಾನೆ. ತುರ್ಕರನ್ನು ಆ ಕಾಲದ ಗ್ರೀಕ್ ಬರಹಗಾರರು ಕರೆಯುತ್ತಿದ್ದದ್ದು ಹಾಗೆ. ಕಾಣಿಕೆಗಳ ನಡುವೆ ಬಂದ ಮಗುವಿಗೆ ಹಿಂದಿನ ಕಥೆ ಇರುವುದಿಲ್ಲ. ಅದನ್ನು ಕಿತ್ತುಹಾಕಿದ ಮೇಲೇ ಅದು ಕಾಣಿಕೆಯಾಗುವುದು.

ಅಲೆಕ್ಸಿಯಸನ ಮಗ ಜಾನನಿಗೆ ಆಗ ಒಂಬತ್ತು ವರ್ಷ. ಸೆರೆಯ ಹುಡುಗ ಹೆಚ್ಚುಕಡಿಮೆ ಅದೇ ವಯಸ್ಸಿನವನು. ಅವನನ್ನು ರಾಜಕುಮಾರನ ಒಡನಾಡಿಯಾಗಿ ಬೆಳೆಸಿದರು. ಕೊಮ್ನೆನಸ್ ಮನೆತನದಲ್ಲಿ ಇದು ಹೊಸ ರೂಢಿಯೇನಲ್ಲ. ನೈಸಿಯಾದ ಮುತ್ತಿಗೆಯಲ್ಲಿ ಎರಡು ಸಾವಿರ ಯೋಧರನ್ನು ನಡೆಸಿ ತಂದಿದ್ದ ದಂಡನಾಯಕ ಟಟಿಕಿಯಸನ ತಂದೆಯೂ ಒಬ್ಬ ಸೆರೆಯಾಳೇ; ಅಲೆಕ್ಸಿಯಸನ ತಂದೆಯ ಕೈಗೆ ಒಂದು ದಾಳಿಯಲ್ಲಿ ಸಿಕ್ಕವನು. ಆ ಸೆರೆಯಾಳಿನ ಮಗ ಸಾಮ್ರಾಜ್ಯದ ಸೇನಾನಿಯಾಗಿ ಕೋಟೆಯ ಹೊರಗೆ ನಿಂತಿದ್ದಾಗ, ಅದೇ ದಾರಿಯಲ್ಲಿ ಅವನಿಗಿಂತ ದೂರ ನಡೆಯಬೇಕಾಗಿದ್ದ ಇನ್ನೊಬ್ಬ ಹುಡುಗ ಕೋಟೆಯ ಒಳಗಿದ್ದ. ಒಬ್ಬರಿಗೊಬ್ಬರ ಸುಳಿವಿಲ್ಲ. ಚರಿತ್ರೆಯಲ್ಲಿ ಇಂಥ ಕ್ಷಣಗಳನ್ನು ಕಂಡಾಗ ಪುಟ ತಿರುಗಿಸಲು ಮನಸ್ಸಾಗುವುದಿಲ್ಲ.

ಒಂದು ಮಗು ಸಿಂಹಾಸನಕ್ಕೆ ಬೆಳೆಯುತ್ತಿದೆ, ಇನ್ನೊಂದು ಮಗು ಆ ಮಗುವಿಗಾಗಿ ಬೆಳೆಯುತ್ತಿದೆ. ಇದರಲ್ಲಿ ಸ್ನೇಹ ಹುಟ್ಟಬೇಕೆಂದೇನೂ ಇಲ್ಲ. ಹುಟ್ಟುವುದು ಹೆಚ್ಚಾಗಿ ದಾಸ್ಯ, ಅದನ್ನು ಮರೆಮಾಡುವ ನಗು, ಒಳಗೊಳಗೇ ಮಡುಗಟ್ಟುವ ಸಿಟ್ಟು. ಈ ಇಬ್ಬರ ನಡುವೆ ಹುಟ್ಟಿದ್ದು ನಿಜವಾದ ಸ್ನೇಹವೇ ಎಂದು ನಾನು ನಂಬುವುದು ಮುಂದಿನ ನಲವತ್ತಾರು ವರ್ಷಗಳನ್ನು ನೋಡಿ. ಅಷ್ಟು ದೀರ್ಘಕಾಲ, ಅಷ್ಟು ಸಂಚುಗಳ ನಡುವೆ, ಒಬ್ಬರು ಇನ್ನೊಬ್ಬರನ್ನು ಬಿಟ್ಟುಕೊಟ್ಟ ಒಂದು ಪ್ರಸಂಗವೂ ಕಾಣುವುದಿಲ್ಲ.

1118ರ ಆಗಸ್ಟ್‌ನಲ್ಲಿ ಅಲೆಕ್ಸಿಯಸ್ ಸಾವಿನ ಹಾಸಿಗೆಯಲ್ಲಿದ್ದ. ಪಟ್ಟದರಸಿ ಐರೀನ್ ಡುಕೈನಾಳಿಗೆ ಮಗನಿಗಿಂತ ಹಿರಿಯ ಮಗಳು ಅನ್ನಾಳ ಮೇಲೆ, ಅಳಿಯ ನಿಕೆಫೊರಸ್ ಬ್ರಿಯೆನ್ನಿಯಸನ ಮೇಲೆ ಒಲವು. ಜಾನ್ ತಂದೆಯ ಹಾಸಿಗೆಯ ಬಳಿ ಹೋದ, ಮುದ್ರೆಯುಂಗುರ ಪಡೆದ, ಕುದುರೆಯೇರಿ ಅರಮನೆಗೆ ಓಡಿದ. ಕಾವಲಿನ ವರಾಂಗಿಯನ್ನರು ಬಾಗಿಲು ತೆರೆಯಲಿಲ್ಲ; ಕೊನೆಗೆ ಕದ ಕಿತ್ತು ಒಳನುಗ್ಗಬೇಕಾಯಿತು. ಒಳಗೆ ಸೇರಿದವನು ಹೊರಬರಲಿಲ್ಲ, ತಂದೆಯ ಶವಯಾತ್ರೆಗೂ ಬರಲಿಲ್ಲ. ಅರಮನೆ ಬಿಟ್ಟರೆ ಅರಸುತನ ಹೋಗುತ್ತದೆಂಬ ಭಯ.

ಹೀಗೆ ಸಿಂಹಾಸನ ಹಿಡಿದವನು ಕೂಡಲೇ ತನ್ನ ಬಾಲ್ಯದ ಒಡನಾಡಿಯನ್ನು ಮೆಗಾಸ್ ಡೊಮೆಸ್ಟಿಕೋಸ್ ಪದವಿಗೆ ಏರಿಸಿದ. ಸಾಮ್ರಾಜ್ಯದ ಭೂಸೈನ್ಯಕ್ಕೆಲ್ಲ ಒಡೆಯನಾದವನು, ನಮ್ಮ ಮಾತಿನಲ್ಲಿ ಮಹಾದಂಡನಾಯಕ. ರಾಜವಂಶದ ಹಿರಿಯರು ಕೂಡ ದಾರಿಯಲ್ಲಿ ಆಕ್ಸೂಕ್ ಎದುರಾದರೆ ಕುದುರೆಯಿಂದಿಳಿದು ನಮಸ್ಕರಿಸುತ್ತಿದ್ದರು ಎಂದು ನಿಕೆಟಾಸ್ ಬರೆಯುತ್ತಾನೆ. ಯುದ್ಧಕ್ಕೆ ಪಳಗಿದ ಕೈ ಉಪಕಾರಕ್ಕೂ ಅಷ್ಟೇ ಬೇಗ ಮುಂದಾಗುತ್ತಿತ್ತಂತೆ. ಹುಟ್ಟಿನ ಕೀಳುತನವನ್ನೆಲ್ಲ ಅವನ ಮನಸ್ಸಿನ ಹಿರಿಮೆ ಮುಚ್ಚಿಬಿಟ್ಟಿತಂತೆ. ನಿಕೆಟಾಸ್ ಯಾರನ್ನೂ ಸುಮ್ಮನೆ ಹೊಗಳುವವನಲ್ಲ. ಚಕ್ರವರ್ತಿಗಳನ್ನೇ ಎಳೆದು ನಿಲ್ಲಿಸಿ ಬೈದವನು. ಆದ್ದರಿಂದ ಅವನ ಈ ಮೆಚ್ಚುಗೆಗೆ ನಾನು ಬೆಲೆ ಕೊಡುತ್ತೇನೆ.

ವರ್ಷ ತುಂಬುವುದರೊಳಗೆ ಸಂಚು ಹುಟ್ಟಿತು. ನಗರದ ಕೋಟೆಯ ಹೊರಗೆ ಫಿಲೊಪಾಟಿಯೋನ್ ಎಂಬ ವಿಹಾರಸ್ಥಳವಿತ್ತು. ಅಲ್ಲಿ ಚಕ್ರವರ್ತಿ ತಂಗಿದ್ದ ರಾತ್ರಿ ಅವನನ್ನು ಮುಗಿಸುವುದು, ಅನ್ನಾಳ ಗಂಡನನ್ನು ಪಟ್ಟಕ್ಕೇರಿಸುವುದು. ಕಾವಲುಗಾರರಿಗೆ ಲಂಚ ಹೋಗಿತ್ತು. ಆದರೆ ಬ್ರಿಯೆನ್ನಿಯಸ್ ಹೆಜ್ಜೆ ಎತ್ತಲಿಲ್ಲ. ಗಂಡನ ಜಡತನಕ್ಕೆ ಅನ್ನಾ ಉರಿದುಬಿದ್ದಳೆಂದು ನಿಕೆಟಾಸ್ ಹೇಳುತ್ತಾನೆ. ಸಂಚಿನಲ್ಲಿ ಅವಳ ಪಾಲು ನಿಜಕ್ಕೂ ಎಷ್ಟು ಎಂಬ ಬಗ್ಗೆ ಇಂದಿನ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮಹತ್ವಾಕಾಂಕ್ಷೆಯ ಹೆಣ್ಣನ್ನು ಕಂಡರೆ ಗಂಡಸರು ಬರೆದ ಚರಿತ್ರೆ ಕಥೆ ಕಟ್ಟಲು ಹಿಂಜರಿಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಏನೇ ಇರಲಿ, ಸಂಚುಗಾರರ ಕಣ್ಣು ಕೀಳಲಿಲ್ಲ, ಮೂಗು ಕೊಯ್ಯಲಿಲ್ಲ, ತಲೆ ತೆಗೆಯಲಿಲ್ಲ. ಆ ನಗರದಲ್ಲಿ ಇವೆಲ್ಲ ವಾಡಿಕೆಯ ಶಿಕ್ಷೆಗಳು. ಜಾನ್ ಆಸ್ತಿ ಮಾತ್ರ ಕಿತ್ತುಕೊಂಡ. ಅದೇ ಆಸ್ತಿ ಆ ಕೋಣೆಗೆ ಬಂದು ಬಿದ್ದದ್ದು.

ಆಕ್ಸೂಕ್ ಮೊದಲು ಕೃತಜ್ಞತೆ ಹೇಳಿದ. ಆಮೇಲೆ ಬಿಚ್ಚುಮನಸ್ಸಿನಿಂದ ಮಾತಾಡಲು ಅಪ್ಪಣೆ ಕೇಳಿದ. ನಿನ್ನ ಅಕ್ಕ ಮಾಡಿದ್ದು ಅನ್ಯಾಯವೇ, ಒಡಹುಟ್ಟನ್ನೇ ಅವಳು ಧಿಕ್ಕರಿಸಿದಳು, ಆದರೂ ಮಾಡಿದ ಕೆಲಸದಿಂದ ಅಕ್ಕ ಎಂಬ ಸಂಬಂಧ ಅಳಿಸಿಹೋಗುವುದಿಲ್ಲ ಎಂದ. ಪಶ್ಚಾತ್ತಾಪಪಟ್ಟರೆ ಕಳೆದುಕೊಂಡ ಪ್ರೀತಿಯನ್ನು ಅವಳು ಮತ್ತೆ ಪಡೆಯಬಹುದು, ಇದು ಅವಳ ತಂದೆಯ ಮನೆಯಿಂದ ಬಂದದ್ದು, ನನಗಿಂತ ಅವಳಿಗೇ ಹೆಚ್ಚು ಸಲ್ಲುತ್ತದೆ, ಅವಳಿಗೇ ಹಿಂದಿರುಗಿಸು ಎಂದು ಬೇಡಿಕೊಂಡ. ಜಾನ್ ನಾಚಿದ. ನೀನು ನನ್ನವರ ಮೇಲೆ ನನಗಿಂತ ಹೆಚ್ಚು ಕರುಣೆ ತೋರುವುದಾದರೆ ನಾನು ಆಳಲು ತಕ್ಕವನಲ್ಲ ಎಂದು ಎಲ್ಲವನ್ನೂ ಅಕ್ಕನಿಗೆ ಮರಳಿಸಿದ.

ಆ ಮಾತುಗಳನ್ನು ಬರೆದ ನಿಕೆಟಾಸ್ ಹುಟ್ಟಿದ್ದು ಆಕ್ಸೂಕ್ ಸತ್ತ ಕೆಲವು ವರ್ಷಗಳ ನಂತರ. ಪಾತ್ರಗಳ ಬಾಯಲ್ಲಿ ಭಾಷಣ ಇಡುವುದು ಗ್ರೀಕ್ ಚರಿತ್ರೆಕಾರರಿಗೆ ಥುಸಿಡಿಡೀಸನ ಕಾಲದಿಂದ ಬಂದ ಪದ್ಧತಿ. ನುಡಿ ನಿಕೆಟಾಸನದೇ ಇದ್ದೀತು. ಹೋದ ಸಂಪತ್ತು ಹಿಂದೆ ಬಂದದ್ದು, ಅಕ್ಕತಮ್ಮಂದಿರ ನಡುವೆ ರಾಜಿಯಾದದ್ದು ಮಾತ್ರ ಕಥೆಯ ಗಟ್ಟಿ ಭಾಗ.

ನಾನು ಇಲ್ಲಿ ತಡೆದು ನಿಲ್ಲುತ್ತೇನೆ. ಆ ಕೋಣೆಯಲ್ಲಿದ್ದ ವಸ್ತುಗಳ ಭಾಷೆ ಆಕ್ಸೂಕನಿಗೆ ಗೊತ್ತಿತ್ತು. ಒಂದು ಮನೆಯಿಂದ ಎತ್ತಿಕೊಂಡು ಬಂದು ಇನ್ನೊಬ್ಬರ ಮುಂದೆ ಇಟ್ಟು, ಇದು ನಿನ್ನದು ಎನ್ನುವುದು. ಅವನ ಬದುಕು ಶುರುವಾದದ್ದೇ ಹಾಗೆ. ನೈಸಿಯಾದಲ್ಲಿ ಯಾರೋ ಯಾರಿಗೋ ಅವನನ್ನು ತೋರಿಸಿ ತೆಗೆದುಕೋ ಎಂದಿದ್ದರು. ಆ ದಿನ ಯಾರೂ ಈ ಹುಡುಗ ಅವನ ಮನೆಗೇ ಸಲ್ಲತಕ್ಕವನು ಎನ್ನಲಿಲ್ಲ. ಇಪ್ಪತ್ತೆರಡು ವರ್ಷಗಳ ಮೇಲೆ ಅದೇ ಮಾತನ್ನು ಅವನು ಇನ್ನೊಬ್ಬರ ಆಸ್ತಿಯ ಬಗ್ಗೆ ಹೇಳಿದ. ಹೇಳಿದ್ದು ಯಾರ ಪರವಾಗಿ? ತನ್ನ ನಗರವನ್ನು ಗೆದ್ದು ತನ್ನನ್ನು ಕಾಣಿಕೆಯಾಗಿ ಪಡೆದ ದೊರೆಯ ಮಗಳ ಪರವಾಗಿ. ತನ್ನ ಗೆಳೆಯನನ್ನು ಕೊಲ್ಲಿಸಲು ಹೊರಟವಳ ಪರವಾಗಿ. ಆ ನಿಮಿಷದಲ್ಲಿ ಅವನಿಗೆ ನೈಸಿಯಾ ನೆನಪಾಯಿತೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಇದು ನನ್ನ ಊಹೆ. ಆದರೆ ಒಂಬತ್ತು ಹತ್ತರ ವಯಸ್ಸಿನಲ್ಲಿ ಮನೆ ಕಳೆದುಕೊಂಡವನು ಮನೆಯಿಂದ ಹೊತ್ತು ತಂದ ವಸ್ತುಗಳ ರಾಶಿಯನ್ನು ನೋಡಿ ಏನನ್ನೂ ನೆನೆಯಲಿಲ್ಲ ಎಂದು ನಂಬುವುದು ನನಗೆ ಇನ್ನೂ ಕಷ್ಟ.

ಕನ್ನಡದ ಓದುಗರಿಗೆ ಇಲ್ಲಿ ಕರ್ಣ ನೆನಪಾಗದೆ ಇರುವುದಿಲ್ಲ. ಹುಟ್ಟಿನ ಹೆಸರಿಲ್ಲದವನನ್ನು ರಾಜಪುತ್ರನೊಬ್ಬ ತೋಳು ಹಿಡಿದು ಎತ್ತಿದ್ದು, ಎತ್ತಿದವನಿಗಾಗಿ ಅವನು ಬದುಕನ್ನೇ ಮುಡಿಪಿಟ್ಟದ್ದು, ಉಂಡ ಅನ್ನದ ಋಣ, ಜೋಳವಾಳಿ, ನಮ್ಮ ಹಳೆಯ ಕವಿಗಳನ್ನು ಎಷ್ಟು ಕಾಡಿದೆ! ಕರ್ಣನ ದುರಂತವೆಂದರೆ ಋಣದ ಭಾರಕ್ಕೆ ತಾನು ಕಂಡ ಧರ್ಮವನ್ನೂ ಬದಿಗಿಡಬೇಕಾಗಿ ಬಂದದ್ದು. ಸಾಕಿದವನ ಸಿಟ್ಟೇ ಸಾಕಿಸಿಕೊಂಡವನ ಸಿಟ್ಟಾಗಬೇಕು. ಋಣದ ಲೆಕ್ಕ ಸಾಮಾನ್ಯವಾಗಿ ಹಾಗೆಯೇ ನಡೆಯುವುದು. ಆಕ್ಸೂಕನ ಮೇಲಿದ್ದ ಋಣವೂ ಅಷ್ಟೇ ದೊಡ್ಡದು. ಅವನು ಆ ಋಣವನ್ನು ತೀರಿಸಲು ಹುಡುಕಿದ ಬಗೆ ಬೇರೆ: ಗೆಳೆಯನ ಸಿಟ್ಟನ್ನು ಹಂಚಿಕೊಳ್ಳದೆ, ಆ ಸಿಟ್ಟಿನಿಂದ ಗೆಳೆಯನನ್ನು ಬಿಡಿಸಿದ. ಅದಕ್ಕೆ ಎಂಥ ಎದೆ ಬೇಕು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಹೊರಗಿನವನು ಅವನು. ಚಕ್ರವರ್ತಿಯ ಮುಖ ಕೆಂಪಾದರೆ ಹೋಗಲು ಊರಿಲ್ಲ, ಕೈಹಿಡಿಯಲು ಕುಲವಿಲ್ಲ. ಮನೆಯವರ ಜಗಳದಲ್ಲಿ ಹೊರಗಿನವನು ಬಾಯಿ ಹಾಕಬಾರದೆಂಬುದು ಎಲ್ಲ ಅರಮನೆಗಳಲ್ಲೂ ಬದುಕಿ ಉಳಿಯುವ ಮೊದಲ ಪಾಠ.

ಆ ಮಾತಿನ ಫಲ ಒಂದು ಕೋಣೆಗೆ ನಿಲ್ಲಲಿಲ್ಲ ಎಂದು ನನ್ನ ಅನಿಸಿಕೆ. ಎರಡನೆಯ ಜಾನ್ 1143ರವರೆಗೆ, ಇಪ್ಪತ್ತೈದು ವರ್ಷ ಆಳಿದ. ಆ ಇಡೀ ಅವಧಿಯಲ್ಲಿ ಅವನು ಯಾರ ಪ್ರಾಣವನ್ನೂ ತೆಗೆಯಲಿಲ್ಲ, ಯಾರ ಅಂಗವನ್ನೂ ಕತ್ತರಿಸಲಿಲ್ಲ ಎಂದು ನಿಕೆಟಾಸ್ ದಾಖಲಿಸುತ್ತಾನೆ. ಬೈಜಾಂಟೈನ್ ಸಿಂಹಾಸನದ ಚರಿತ್ರೆಯಲ್ಲಿ ಇಂಥ ವಾಕ್ಯ ಅಪರೂಪ. ಕಪ್ಪು ಮೈಬಣ್ಣದ ಈ ಅರಸನನ್ನು ಜನ ಸುಂದರನಾದ ಜಾನ್ ಎಂದು ಕರೆದದ್ದು ಅವನ ಗುಣ ನೋಡಿ. ಆಳ್ವಿಕೆಯ ಮೊದಲ ವರ್ಷದಲ್ಲಿ, ಮೊದಲ ದ್ರೋಹದ ಎದುರು, ಅವನ ಕಿವಿಯ ಬಳಿ ಆಕ್ಸೂಕ್ ಇಲ್ಲದೆ ಬೇರೆ ಯಾರಾದರೂ ಇದ್ದಿದ್ದರೆ? ಮೊದಲ ಶಿಕ್ಷೆ ಸಲೀಸಾಗಿ ನಡೆದುಹೋದರೆ ಎರಡನೆಯದಕ್ಕೆ ಕೈ ನಡುಗುವುದಿಲ್ಲ. ಮೊದಲ ಕ್ಷಮೆಯ ವಿಷಯದಲ್ಲೂ ಹಾಗೇ ಇರಬಹುದು.

ದಂಡನಾಯಕನಾಗಿ ಆಕ್ಸೂಕನ ಕೆಲಸದ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಯುದ್ಧಗಳನ್ನು ಆ ಕಾಲದವರು ಚಕ್ರವರ್ತಿಯ ಹೆಸರಿನಲ್ಲೇ ಬರೆದರು, ಮತ್ತು ಜಾನ್ ತನ್ನ ಬದುಕಿನ ಬಹುಪಾಲನ್ನು ಪಾಳೆಯದಲ್ಲೇ ಕಳೆದ. 1119ರಲ್ಲಿ ಫ್ರಿಜಿಯಾದ ಲಾವೊಡಿಸಿಯ, 1122ರಲ್ಲಿ ಪೆಚೆನೆಗರ ಬಂಡಿಕೋಟೆ ಒಡೆದ ಬೆರೋಯಿಯ ಕಾಳಗ, 1137 ಮತ್ತು 1138ರಲ್ಲಿ ಸಿಲಿಸಿಯಾ, ಆಂಟಿಯೋಕ್, ಸಿರಿಯಾದ ಶೈಜರ್. ಗೆದ್ದ ಊರುಗಳಲ್ಲಿ ತುರ್ಕರ ಊರುಗಳೂ ಇದ್ದವು. ತನ್ನ ತಾಯಿಯ ನುಡಿಯಾಡುವ ಜನರ ಮೇಲೆ ಸೈನ್ಯ ನಡೆಸುವಾಗ ಅವನ ಮನಸ್ಸಿನಲ್ಲಿ ಏನಿತ್ತೋ. ಈ ಪ್ರಶ್ನೆಯನ್ನು ಅಂದವಾಗಿ ಬಗೆಹರಿಸಲು ನನಗೆ ಆಗುವುದಿಲ್ಲ, ಬಗೆಹರಿಸಬಾರದು ಎಂದೂ ತೋರುತ್ತದೆ. ಒಂದು ಬದುಕನ್ನು ಮೆಚ್ಚಿದ ಮಾತ್ರಕ್ಕೆ ಅದರ ಬುಡದಲ್ಲಿರುವ ಗಾಯ ಗುಣವಾಯಿತೆಂದು ಹೇಳಲಾಗದು. ಒಡೆಯನ ನಂಬಿಕೆ, ನುಡಿ, ಉಡುಪುಗಳನ್ನೆಲ್ಲ ಅವನು ತನ್ನದಾಗಿಸಿಕೊಂಡ. ಬೇರೆ ಆಯ್ಕೆ ಆ ಮಗುವಿಗೆ ಯಾರೂ ಕೊಟ್ಟಿರಲಿಲ್ಲ.

ತನ್ನದಾಗಿಸಿಕೊಂಡದ್ದು ಬರಿಯ ಮೇಲುಮೇಲಕ್ಕಲ್ಲ. ಮೆಥೋನೆಯ ಬಿಷಪ್ ನಿಕೋಲಸ್ ಆ ಕಾಲದ ದೊಡ್ಡ ದೇವತಾಶಾಸ್ತ್ರಜ್ಞ. ಮಹಾದಂಡನಾಯಕ ಪವಿತ್ರಾತ್ಮದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಅವನು ಬರೆದ ಉತ್ತರ ಇಂದಿಗೂ ಉಳಿದಿದೆ. ಗಡಿಯಿಂದ ಗಡಿಗೆ ಓಡಾಡುತ್ತಿದ್ದ ಒಬ್ಬ ಸೇನಾನಿ, ಹುಟ್ಟಿನಿಂದ ತನ್ನದಲ್ಲದ ಧರ್ಮದ ಅತಿ ಕಠಿಣವಾದ ಗಂಟನ್ನು ಹಿಡಿದು ವಿದ್ವಾಂಸನ ಬಾಗಿಲು ತಟ್ಟಿದ. ಮನುಷ್ಯನೊಳಗೆ ದೈವ ಹೇಗೆ ನೆಲೆಸುತ್ತದೆ ಎಂದು ಕೇಳುವವನಿಗೆ ಯುದ್ಧದ ಗೆಲುವುಗಳು ಸಾಕಾಗಿರಲಿಲ್ಲ ಎಂದಾಯಿತು. ಅವನ ಕತ್ತಿಗಿಂತ ಈ ಪ್ರಶ್ನೆ ನನಗೆ ಹತ್ತಿರ.

1143ರ ಏಪ್ರಿಲ್. ಸಿಲಿಸಿಯಾದ ಬೆಟ್ಟಗಳಲ್ಲಿ ಕಾಡುಹಂದಿಯ ಬೇಟೆಯಲ್ಲಿದ್ದ ಜಾನನ ಕೈಗೆ ತನ್ನದೇ ಬತ್ತಳಿಕೆಯ ವಿಷದ ಬಾಣ ತಾಗಿತು. ಗಾಯ ನಂಜಾಗಿ ಅವನು ಏಪ್ರಿಲ್ 8ರಂದು ತೀರಿಕೊಂಡ. ನಾಲ್ವರು ಗಂಡುಮಕ್ಕಳಲ್ಲಿ ಹಿರಿಯರಿಬ್ಬರು ಆಗಲೇ ಸತ್ತಿದ್ದರು. ಉಳಿದವರಲ್ಲಿ ಹಿರಿಯ ಐಸಾಕ್ ರಾಜಧಾನಿಯಲ್ಲಿದ್ದ, ಕಿರಿಯ ಮ್ಯಾನ್ಯುಯೆಲ್ ಪಾಳೆಯದಲ್ಲಿ. ಸಾಯುವ ಅರಸ ಕಿರಿಯನನ್ನು ಆರಿಸಿದ. ಹಿರಿಯನೇ ತಕ್ಕವನೆಂದು ಆಕ್ಸೂಕ್ ವಾದಿಸಿದನಂತೆ. ಸಾವಿನ ಹಾಸಿಗೆಯ ಬಳಿಯೂ ತನಗೆ ತೋರಿದ್ದನ್ನು ಹೇಳುವ ಅಭ್ಯಾಸ ಅವನನ್ನು ಬಿಟ್ಟಿರಲಿಲ್ಲ. ಗೆಳೆಯ ಒಪ್ಪದಾಗ ಮರುಮಾತಿಲ್ಲದೆ ಆ ಕೊನೆಯ ಮಾತನ್ನು ನಡೆಸಿಕೊಡಲು ಹೊರಟ. ಚಕ್ರವರ್ತಿಯ ಸಾವಿನ ಸುದ್ದಿ ಮುಟ್ಟುವ ಮೊದಲೇ ಆಕ್ಸೂಕ್ ಕಾನ್‌ಸ್ಟಾಂಟಿನೋಪಲ್ ಮುಟ್ಟಿದ್ದ. ಐಸಾಕನನ್ನು ಪಾಂಟೊಕ್ರಾಟರ್ ಮಠದಲ್ಲಿ ಇರಿಸಿ ಕಾವಲು ಹಾಕಿದ, ಹಾಗಿಯಾ ಸೋಫಿಯಾದ ಪಾದ್ರಿಗಳಿಗೆ ವರ್ಷಾಶನದ ಪತ್ರ ಕೊಟ್ಟು ಅವರನ್ನು ಒಲಿಸಿಕೊಂಡ. ಇಪ್ಪತ್ತೈದು ವರ್ಷಗಳ ಹಿಂದೆ ಕದ ಕಿತ್ತು, ತಂದೆಯ ಶವಯಾತ್ರೆಯನ್ನೂ ಬಿಟ್ಟು ನಡೆದಿದ್ದ ಕೆಲಸ ಈ ಸಲ ಒಂದು ಹನಿ ರಕ್ತವಿಲ್ಲದೆ ಮುಗಿಯಿತು. ಅಣ್ಣತಮ್ಮಂದಿರು ರಾಜಿಯಾದರು. ಆ ಪಾಂಟೊಕ್ರಾಟರ್ ಜಾನ್ ಮತ್ತು ಅವನ ಹಂಗೇರಿಯ ರಾಣಿ ಐರೀನ್ ಕಟ್ಟಿಸಿದ ಮಠ. ಅದರಲ್ಲಿ ಐವತ್ತು ಹಾಸಿಗೆಗಳ ಆಸ್ಪತ್ರೆ ಇತ್ತು. ವೈದ್ಯರೆಷ್ಟು, ರೋಗಿಗೆ ಏನೇನು ಕೊಡಬೇಕು ಎಂಬುದನ್ನೆಲ್ಲ 1136ರ ಶಾಸನಪತ್ರ ವಿವರವಾಗಿ ಬರೆದಿಟ್ಟಿದೆ. ಜಾನನನ್ನು ಅಲ್ಲೇ ಹೂಳಿದರು. ಕಟ್ಟಡ ಇಸ್ತಾಂಬುಲಿನಲ್ಲಿ ಜೇರೆಕ್ ಮಸೀದಿಯಾಗಿ ಇಂದೂ ನಿಂತಿದೆ.

ಗೆಳೆಯನಿಲ್ಲದೆ ಆಕ್ಸೂಕ್ ಇನ್ನೂ ಏಳೆಂಟು ವರ್ಷ ಬದುಕಿದ. ಸಿಸಿಲಿಯ ನಾರ್ಮನ್ನರು ಹಿಡಿದಿದ್ದ ಕೋರ್ಫು ದ್ವೀಪದ ಕೋಟೆಗೆ ಮುತ್ತಿಗೆ ಹಾಕಿದಾಗ ನೌಕಾಪಡೆಯ ಮುಖ್ಯಸ್ಥ ಸ್ಟೀಫನ್ ಕೊಂಟೊಸ್ಟೆಫಾನಸ್ ಕವಣೆಕಲ್ಲಿಗೆ ಬಲಿಯಾದ. ಆ ಹೊರೆಯೂ ಮುದಿ ದಂಡನಾಯಕನ ಹೆಗಲಿಗೆ ಬಂತು. ಮಿತ್ರರಾದ ವೆನಿಸಿನವರಿಗೂ ಗ್ರೀಕರಿಗೂ ಸಂತೆಯಲ್ಲಿ ಹುಟ್ಟಿದ ಜಗಳ ಹೊಡೆದಾಟವಾಗಿ ಬೆಳೆದಾಗ ನಡುವೆ ನಿಂತು ಬಿಡಿಸಲು ನೋಡಿದವನೂ ಅವನೇ. 1149ರಲ್ಲಿ ಕೋಟೆ ಶರಣಾಯಿತು. 1150ರ ಸುಮಾರಿಗೆ ಆಕ್ಸೂಕ್ ತೀರಿಕೊಂಡ.

ಮುಂದಿನ ತಲೆಮಾರಿನ ಕಥೆ ಓದುವುದು ಕಷ್ಟ. ಅವನ ಮಗ ಅಲೆಕ್ಸಿಯಸ್ ಆಕ್ಸೂಕ್ ಚಕ್ರವರ್ತಿ ಜಾನನ ಮೊಮ್ಮಗಳು ಮರಿಯಾಳನ್ನು ಮದುವೆಯಾದ. ಆ ಇಬ್ಬರು ಹುಡುಗರ ಸ್ನೇಹ ಕೊನೆಗೆ ರಕ್ತಸಂಬಂಧವೇ ಆಯಿತು. 1167ರಲ್ಲಿ, ಸುಲ್ತಾನನೊಂದಿಗೆ ಸೇರಿ ಸಂಚು ಮಾಡಿದನೆಂದು ಅವನ ಮೇಲೆ ಆರೋಪ ಬಂತು. ಊರ ಹೊರಗಿನ ತನ್ನ ಮನೆಯ ಗೋಡೆಗಳ ಮೇಲೆ ಚಕ್ರವರ್ತಿಯ ಸಾಹಸಗಳ ಬದಲು ತುರ್ಕರ ಸುಲ್ತಾನನ ಸಾಹಸಗಳನ್ನು ಬರೆಸಿದ್ದ ಎಂಬುದೂ ದೂರುಗಳಲ್ಲಿ ಒಂದು. ಆ ಚಿತ್ರಗಳು ಉಳಿದಿಲ್ಲ. ಅಪ್ಪ ಒಂದು ಮಾತೂ ಆಡದೆ ನುಂಗಿಕೊಂಡಿದ್ದ ಊರು ಮಗನ ಗೋಡೆಯ ಮೇಲೆ ಬಣ್ಣವಾಗಿ ಮೂಡಿತೆ? ಅದು ನಿಜವಾಗಿದ್ದರೂ ಅಪರಾಧವೆಂದು ನನಗೆ ತೋರುವುದಿಲ್ಲ. ನಿಕೆಟಾಸ್ ಆರೋಪಗಳನ್ನೇ ನಂಬುವುದಿಲ್ಲ. ಮ್ಯಾನ್ಯುಯೆಲ್ ಅಲೆಕ್ಸಿಯಸನ ತಲೆ ಬೋಳಿಸಿ ಪಾಪಿಕಿಯೋನ್ ಬೆಟ್ಟದ ಮಠಕ್ಕೆ ಅಟ್ಟಿದ. ಹೆಂಡತಿ ಮರಿಯಾ ಚಕ್ರವರ್ತಿಯ ಕಾಲಿಗೆ ಬಿದ್ದು ಬೇಡಿದಳು, ಫಲವಾಗಲಿಲ್ಲ, ದುಃಖದಿಂದ ಬುದ್ಧಿಭ್ರಮಣೆಯಾಗಿ ಸತ್ತಳು. ತನ್ನನ್ನು ಪಟ್ಟಕ್ಕೆ ಮುಟ್ಟಿಸಿದವನ ಮಗನ ಮೇಲೆ ತೀರ್ಪು ಕೊಡುವಾಗ ಮ್ಯಾನ್ಯುಯೆಲನ ಬಳಿ ಒಬ್ಬ ಆಕ್ಸೂಕ್ ಇರಲಿಲ್ಲ. ಇನ್ನೊಂದು ತಲೆಮಾರು ಕಳೆದ ಮೇಲೆ, 1200ರ ಸುಮಾರಿನ ಒಂದು ಜುಲೈ ದಿನ, ಅಲೆಕ್ಸಿಯಸನ ಮಗ ಜಾನ್ ಕೊಮ್ನೆನಸ್ ಜನರ ಗುಂಪಿನೊಂದಿಗೆ ಹಾಗಿಯಾ ಸೋಫಿಯಾಕ್ಕೆ ನುಗ್ಗಿ, ಪೂಜಾಪೀಠದ ಮೇಲೆ ತೂಗುತ್ತಿದ್ದ ಕಿರೀಟವೊಂದನ್ನು ತಲೆಗೇರಿಸಿಕೊಂಡ. ಅರಮನೆಗೆ ಹೋಗಿ ಸಿಂಹಾಸನದ ಮೇಲೂ ಕೂತ. ಬೆಳಗಾಗುವುದರೊಳಗೆ ಅವನ ತಲೆ ಉರುಳಿತ್ತು. ನೈಸಿಯಾದ ಸೆರೆಯ ಹುಡುಗನ ಮೊಮ್ಮಗ ಒಂದು ಹಗಲಿನ ಮಟ್ಟಿಗೆ ರೋಮನ್ನರ ಚಕ್ರವರ್ತಿಯಾದದ್ದು ಹೀಗೆ. ಚರಿತ್ರೆ ಇದನ್ನು ವಿಚಿತ್ರವೆಂದು ಎತ್ತಿ ತೋರಿಸುತ್ತದೆ. ಅಜ್ಜ ಕೈಚಾಚದೆ ನಿಂತ ಆ ಕೋಣೆಯ ಮುಂದೆ ಈ ಕಿರೀಟ ನನಗೆ ಅಷ್ಟು ದೊಡ್ಡ ಸೋಜಿಗವಾಗಿ ಕಾಣುವುದಿಲ್ಲ.

ಅನ್ನಾಳ ಮಾತು ಉಳಿಯಿತು. ಆಸ್ತಿ ಮರಳಿದ ಮೇಲೆ ಅವಳು ಮೂವತ್ತು ವರ್ಷಕ್ಕೂ ಹೆಚ್ಚು ಬದುಕಿದಳು. ತಾಯಿ ಕಟ್ಟಿಸಿದ ಕೆಖರಿಟೊಮೆನೆ ಮಠದ ಆಸರೆಯಲ್ಲಿ ವಿದ್ವಾಂಸರನ್ನು ಸುತ್ತ ಸೇರಿಸಿಕೊಂಡಳು. ಅರಿಸ್ಟಾಟಲನ ಪ್ರಾಣಿಶಾಸ್ತ್ರದ ಗ್ರಂಥಗಳಂತಹ, ಅಲ್ಲಿಯವರೆಗೆ ಯಾರೂ ಟೀಕೆ ಬರೆಯದ ಕೃತಿಗಳಿಗೆ ಎಫೆಸಸ್‌ನ ಮೈಕೇಲ್ ಟೀಕೆ ಬರೆದದ್ದು ಅವಳ ಒತ್ತಾಸೆಯಿಂದ. ವಿದ್ವಾಂಸರನ್ನು ಸಾಕುವುದಕ್ಕೆ ಹಣ ಬೇಕು, ಬಿಡುವು ಬೇಕು, ಹಗೆಯಿಂದ ಬಿಡುಗಡೆ ಬೇಕು. ಮರಳಿದ ಆ ಚಿನ್ನಬೆಳ್ಳಿಯಲ್ಲಿ ಎಷ್ಟು ಪಾಲು ಅರಿಸ್ಟಾಟಲನ ಪುಟಗಳಾಯಿತೋ! ಗಂಡ ಸತ್ತ ಮೇಲೆ, ಮುಪ್ಪಿನಲ್ಲಿ, ಅವಳು ತಂದೆಯ ಚರಿತ್ರೆ ಬರೆಯಲು ಕೂತಳು. ಅದೇ ಅಲೆಕ್ಸಿಯಾಡ್. ಬಂಡಿಗಳ ಮೇಲೆ ಬಂದ ದೋಣಿಗಳು, ಲೆಕ್ಕಕ್ಕಿಂತ ಹೆಚ್ಚು ಕೊಟ್ಟ ಬಾವುಟ ನಗಾರಿಗಳು, ಕೋಟೆಯ ಮೇಲಿನ ಆ ಬೆಳಗು, ನೈಸಿಯಾ ಹೇಗೆ ಬಿತ್ತು ಎಂಬುದನ್ನು ಇಷ್ಟು ಕಣ್ಣಿಗೆ ಕಟ್ಟುವಂತೆ ನಾವು ತಿಳಿದಿರುವುದು ಅವಳು ಬರೆದಿಟ್ಟದ್ದರಿಂದ. ಆಕ್ಸೂಕ್ ತನ್ನ ಮನೆಯನ್ನು ಕಳೆದುಕೊಂಡ ದಿನದ ವಿವರ, ಅವನು ಯಾರ ಮನೆಯನ್ನು ಉಳಿಸಿಕೊಟ್ಟನೋ ಅವಳ ಬರಹದಲ್ಲಿ ನಮಗೆ ಮುಟ್ಟಿದೆ.

ಆ ಅಧ್ಯಾಯದಲ್ಲಿ ಸೆರೆಸಿಕ್ಕ ಹುಡುಗ ಕಾಣುವುದಿಲ್ಲ. ಅವಳು ಬರೆಯುತ್ತಿದ್ದ ವರ್ಷಗಳಲ್ಲಿ ಅವನು ಅದೇ ನಗರದಲ್ಲಿ ಓಡಾಡುತ್ತಿದ್ದ ಮುದಿ ಮಹಾದಂಡನಾಯಕ. ನೈಸಿಯಾ ಅವಳ ಹದಿಮೂರನೆಯ ವಯಸ್ಸಿನ ನೆನಪು, ಅವನ ಒಂಬತ್ತು ಹತ್ತನೆಯ ವಯಸ್ಸಿನದು. ಅವಳ ಪುಸ್ತಕ 1118ರಲ್ಲಿ, ತಂದೆಯ ಸಾವಿನೊಂದಿಗೆ ನಿಲ್ಲುತ್ತದೆ. ನಿಕೆಟಾಸನ ಚರಿತ್ರೆ ಅದೇ ಸಾವಿನಿಂದ ಮೊದಲಾಗುತ್ತದೆ, ಮತ್ತು ಅದರ ಮೊದಲ ಪುಟಗಳಲ್ಲೇ ಆಕ್ಸೂಕ್ ಬರುತ್ತಾನೆ. ಎರಡನ್ನೂ ಒಂದರ ಬೆನ್ನಿಗೆ ಒಂದು ಓದಬೇಕು. ಆಗ ಮಾತ್ರ ಬಾವುಟ ಹಾರಿದ ಆ ಬೆಳಗೂ, ಆ ಬೆಳಗಿನಲ್ಲಿ ಒಯ್ಯಲ್ಪಟ್ಟ ಹುಡುಗನೂ ಒಟ್ಟಿಗೆ ಸಿಗುತ್ತಾರೆ.